ಭಾನುವಾರದ ಹೊಲಿಗೆ ಮೇಜು

ಫೆಬ್ರವರಿ ೩, ಸೋಮವಾರ

ಹೆಂಡತಿಗೆ ನೋವು ಯಾವಾಗ ಬರುತ್ತದೆ, ಯಾವಾಗ ಇಳಿಯುತ್ತದೆ, ಏನು ತಿಂದರು, ಎಲ್ಲವನ್ನೂ ದಿನಾ ಬರೆದಿಡಿ ಎಂದು ಡಾಕ್ಟರು ಹೇಳಿದ್ದಾರೆ. ಬರೆದಾಯಿತು. ಬೆಳಿಗ್ಗೆ ಅರ್ಧ ಲೋಟ ಹಾಲು, ಮಧ್ಯಾಹ್ನ ಏನೂ ಇಲ್ಲ, ಸಂಜೆ ನೋವು. ಅಷ್ಟು ಬರೆದ ಮೇಲೂ ಪುಟ ಖಾಲಿಯಿದೆ. ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳಲು ನನಗೆ ಇದ್ದವಳು ಇವಳೊಬ್ಬಳು. ಇದನ್ನು ಇವಳಿಗೇ ಯಾವ ಬಾಯಲ್ಲಿ ಹೇಳಲಿ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗಡ್ಡೆ ಹರಡಿದೆಯಂತೆ. ಇನ್ನು ಕತ್ತರಿ ಹಾಕಿ ಪ್ರಯೋಜನವಿಲ್ಲವಂತೆ. ಡಾಕ್ಟರು 'ಕತ್ತರಿ' ಎಂದ ಕೂಡಲೇ ಇವಳು ನಕ್ಕಳು. "ಮೂವತ್ತು ವರ್ಷ ಕತ್ತರಿ ಹಿಡಿಯೋದು ಹೇಳಿಕೊಟ್ಟಿದ್ದೀನಿ ಡಾಕ್ಟ್ರೇ. ಬಟ್ಟೆ ಪೂರ್ತಿ ಜಾಳಾಗಿದ್ರೆ ಕತ್ತರಿ ಮುಟ್ಟಬಾರದು ಅಂತ ನಂಗೂ ಗೊತ್ತು." ಡಾಕ್ಟರು ನಗಬೇಕೋ ಬೇಡವೋ ತಿಳಿಯದೆ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. ನಾನು ಹೊರಗೆ ಬಂದು ಔಷಧಿ ಅಂಗಡಿಯ ಸಾಲಿನಲ್ಲಿ ನಿಂತು ಅತ್ತೆ. ಹಿಂದಿನವನು "ಯಜಮಾನ್ರೇ, ಮುಂದೆ ಹೋಗಿ" ಎಂದು ತಿವಿದ. ಹೋದೆ.

ನಾನು ಕೆಲಸದಿಂದ ನಿವೃತ್ತನಾಗಿ ವರ್ಷ ಎರಡಾಗಿಲ್ಲ. ಜನ್ಮವೆಲ್ಲ ಸಿಟಿ ಬಸ್ಸು ಓಡಿಸಿ, ಭಾನುವಾರಗಳನ್ನೂ ಡಿಪೋಗೆ ಕೊಟ್ಟು, ಇನ್ನು ಮುಂದಿನ ಭಾನುವಾರಗಳೆಲ್ಲ ನಮ್ಮಿಬ್ಬರವು ಎಂದು ಲೆಕ್ಕ ಹಾಕಿಕೊಂಡಿದ್ದೆ. ಇವಳಿಗೆ ವಾರವೆಲ್ಲ ತರಬೇತಿ ಶಾಲೆಯ ಹೊಲಿಗೆ ಪಾಠ. ಭಾನುವಾರ ಬಂತೆಂದರೆ ಬಡಾವಣೆಯ ಸಮುದಾಯ ಭವನದಲ್ಲಿ ಆ ಹಾಳು ಹೊಲಿಗೆ ಮೇಜು. ಊರಿನವರೆಲ್ಲ ತಮ್ಮ ಹರಕು ಮುರುಕು ಹೊತ್ತುಕೊಂಡು ಬರುತ್ತಾರೆ, ಇವಳು ಪುಕ್ಕಟೆಯಾಗಿ ಅವರ ಪಕ್ಕ ಕೂರುತ್ತಾಳೆ. ಊರಿಗೆಲ್ಲ ಹಂಚಿ ಮಿಕ್ಕಿದ್ದಷ್ಟೇ ನನ್ನ ಪಾಲಿನ ಹೆಂಡತಿ.

ಈಗ ಆ ಮಿಕ್ಕಿದ್ದಕ್ಕೂ ಕುತ್ತು ಬಂತು.

ಫೆಬ್ರವರಿ ೯, ಭಾನುವಾರ

ಮೇಜು ಇವತ್ತು ಮುಚ್ಚಿತ್ತು. ಅದಕ್ಕೇ ಆ ಜನವೆಲ್ಲ ನಮ್ಮ ಮನೆಗೆ ಬಂದರು. ನಡುಮನೆಯಲ್ಲಿ ಚಪ್ಪಲಿ ಇಡಲು ಜಾಗವಿಲ್ಲ. ಒಬ್ಬರು ಹೋದರೆ ಇಬ್ಬರು. ಎಲ್ಲರ ಬಾಯಲ್ಲೂ ಒಂದೇ ಮಾತು: "ನಿಮಗೇನ್ ಟೀಚರ್, ಮಕ್ಕಳಿಲ್ಲ ಅನ್ನೋ ಹಾಗೇ ಇಲ್ಲ, ನಾವೆಲ್ಲ ನಿಮ್ಮ ಮಕ್ಕಳೇ." ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೆಳಿಗ್ಗೆ ವಾಂತಿಯ ಬೇಸಿನ್ನು ತೊಳೆದವನು ನಾನು. ಮಕ್ಕಳು ಆಗ ಎಲ್ಲಿದ್ದರೋ.

ಗುಂಡುಸೂಜಿಯೂ ಬಂದಿದ್ದಳು. ಇವಳ ಹಳೆಯ ವಿದ್ಯಾರ್ಥಿನಿ, ಈಗ ಸ್ವಂತ ಅಂಗಡಿ ಇಟ್ಟಿದ್ದಾಳೆ. ಗುಂಡಗಿದ್ದಾಳೆ, ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾಳೆ. ಹೆಸರಿಟ್ಟವರು ಎರಡು ಸಲ ಯೋಚಿಸಬೇಕಾಗಿರಲಿಲ್ಲ. ಅವಳು ಇವಳ ಕಾಲು ಒತ್ತುತ್ತ ಕೂತಳು. ನನಗೆ ಅದನ್ನೂ ಸಹಿಸಲಾಗಲಿಲ್ಲ. ನಾನು ಒತ್ತಬಾರದೇ?

ಎಲ್ಲರೂ ಹೋದ ಮೇಲೆ ಇವಳು ಶುರು ಮಾಡಿದಳು. "ಮುಂದಿನ ವಾರ ನೀವು ಹೋಗಿ ಮೇಜು ತೆರೀರಿ."

"ನಾನಾ? ನಂಗೆ ಸೂಜಿ ಯಾವ ಕಡೆ ಚುಚ್ಚುತ್ತೆ ಅಂತಾನೂ ಗೊತ್ತಿಲ್ಲ."

"ಬಾಗಿಲು ತೆಗೆದು ಲೈಟ್ ಹಾಕಿ ಕೂತ್ಕೊಳ್ಳಿ. ಮಿಕ್ಕಿದ್ದು ಗುಂಡುಸೂಜಿ ನೋಡ್ಕೋತಾಳೆ. ಎರಡು ವಾರ ಬಾಗಿಲು ಹಾಕಿದ್ರೆ ಜನ ಬರೋದೇ ಬಿಡ್ತಾರೆ ಕಣ್ರೀ."

ಬಿಡಲಿ ಎಂದೆ. ಇವಳು ಗೋಡೆಯ ಕಡೆ ತಿರುಗಿ ಮಲಗಿದಳು. ಆರೋಗ್ಯವಾಗಿದ್ದಾಗ ಹೀಗೆ ತಿರುಗಿದರೆ ನಾನೂ ಬೆನ್ನು ಮಾಡುತ್ತಿದ್ದೆ. ಈಗ ಹೇಗೆ ಮಾಡಲಿ? ಹೋಗುತ್ತೇನೆ ಎಂದೆ.

ಫೆಬ್ರವರಿ ೧೬, ಭಾನುವಾರ

ಹೋದೆ. ಬಾಗಿಲು ತೆಗೆದೆ, ಲೈಟು ಹಾಕಿದೆ, ಪೇಪರು ಬಿಡಿಸಿ ಮುಖ ಮುಚ್ಚಿಕೊಂಡು ಕೂತೆ. ಉದ್ದನೆಯ ಮೇಜು, ಎರಡು ಕಡೆ ಬೆಂಚು, ನಡುವೆ ದಾರದ ರೀಲುಗಳ ಡಬ್ಬಿ. ಗೋಡೆಯ ಮೇಲೆ ಇವಳ ಕೈಬರಹದ ರಟ್ಟು: 'ಇಲ್ಲಿ ಹೊಲಿದು ಕೊಡಲಾಗುವುದಿಲ್ಲ. ಕೂತು ಹೊಲಿದುಕೊಳ್ಳಿ.' ಬಂದವರು ಯಾರೇ ಆಗಲಿ ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳಬೇಕು. ಪಕ್ಕದಲ್ಲಿ ಕೂತು ತೋರಿಸುತ್ತಾರೆ, ತಪ್ಪಿದರೆ ಬಿಚ್ಚಿಸಿ ಮತ್ತೆ ಹೊಲಿಸುತ್ತಾರೆ. ಐದು ನಿಮಿಷದ ಕೆಲಸಕ್ಕೆ ಒಂದು ಗಂಟೆ. ದಡ್ಡ ಪದ್ಧತಿ. ಹಿಂದೆಯೂ ಹೇಳಿದ್ದೇನೆ, ಈಗಲೂ ಹೇಳುತ್ತೇನೆ.

ಒಬ್ಬ ಗಡ್ಡದವನು ಪ್ಯಾಂಟಿನ ಜಿಪ್ಪು ಹಿಡಿದುಕೊಂಡು ನೇರ ನನ್ನ ಮುಂದೆ ನಿಂತ. "ಸಾರ್, ಇದು ಮೇಲೂ ಹೋಗಲ್ಲ, ಕೆಳಗೂ ಬರಲ್ಲ." ಪ್ಯಾಂಟು ಅವನ ಮೈಮೇಲೇ ಇತ್ತು! ನಾನು ಪೇಪರು ಇನ್ನೂ ಮೇಲೆತ್ತಿದೆ. ಗುಂಡುಸೂಜಿ ಬಾಯಲ್ಲಿದ್ದ ಸೂಜಿಗಳೆಲ್ಲ ಉದುರುವಷ್ಟು ನಕ್ಕಳು.

ಮನೆಗೆ ಬಂದು ಇದನ್ನು ಹೇಳಿದರೆ ಇವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನೋವಾಯಿತು, ಆದರೂ ನಕ್ಕಳು. "ಇನ್ನೊಂದ್ಸಲ ಹೇಳಿ, ಪ್ಯಾಂಟು ಮೈಮೇಲೇ ಇತ್ತಾ?" ಮೂರು ಸಲ ಹೇಳಿಸಿದಳು. ಡಾಕ್ಟರ ಮುಂದೆ ನಕ್ಕದ್ದು ಬಿಟ್ಟರೆ ಈ ತಿಂಗಳಲ್ಲಿ ಇವಳು ನಕ್ಕದ್ದು ಇದೇ ಮೊದಲು. ಮುಂದಿನ ವಾರವೂ ಹೋಗಬೇಕು. ಇಂಥದ್ದು ಏನಾದರೂ ಸಿಕ್ಕಿದರೆ ತರಬಹುದು.

ಫೆಬ್ರವರಿ ೧೯, ಬುಧವಾರ

ನಾದಿನಿ ಬಂದಳು, ಇವಳ ತಂಗಿ. ಇನ್ನು ಇಲ್ಲೇ ಇರುತ್ತಾಳೆ. ಅಡುಗೆಮನೆಗೆ ಜೀವ ಬಂತು, ನನ್ನ ಬೇಯದ ಅನ್ನಕ್ಕೆ ಮುಕ್ತಿ ಸಿಕ್ಕಿತು.

ಮಧ್ಯಾಹ್ನ ನಾದಿನಿ ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದಾಗ ಇವಳು ನನ್ನನ್ನು ಹತ್ತಿರ ಕರೆದಳು. "ನಾನು ನಿಮ್ಮನ್ನ ಯಾವತ್ತೂ ಏನೂ ಕೇಳಿಲ್ಲ, ಅಲ್ವಾ?" ಕೇಳಿದ್ದಾಳೆ, ಬೇಕಾದಷ್ಟು ಕೇಳಿದ್ದಾಳೆ, ಹೊಲಿಗೆ ಯಂತ್ರ ಎತ್ತಿಡಿ ಎಂದು ದಿನಾ ಕೇಳಿದ್ದಾಳೆ. ಸುಮ್ಮನೆ ಹೂಂ ಎಂದೆ.

"ನಾನು ಹೋಗೋ ಹೊತ್ತಲ್ಲಿ ನೀವಿರಬೇಕು. ಬೇರೆ ಯಾರೂ ಇರದಿದ್ರೂ ಪರವಾಗಿಲ್ಲ. ನೀವು ನನ್ನ ಕೈ ಹಿಡ್ಕೊಂಡಿರಬೇಕು. ನಂಗೆ ಹೆದರಿಕೆ ಕಣ್ರೀ."

ಯಾವುದಕ್ಕೂ ಹೆದರದವಳು. ಒಮ್ಮೆ ಹೊಲಿಗೆ ಯಂತ್ರದ ಸೂಜಿ ಉಗುರಿನಲ್ಲಿ ಇಳಿದಾಗಲೂ ಪಾಠ ನಿಲ್ಲಿಸದವಳು. ನಾನು ಎದೆ ತಟ್ಟಿಕೊಂಡು ಹೇಳಿದೆ: "ಸರ್ವಿಸ್ಸಲ್ಲಿ ಒಂದು ದಿನ ಒಂದು ಟ್ರಿಪ್ಪೂ ತಪ್ಪಿಸಿಲ್ಲ ನಾನು. ಇದನ್ನ ತಪ್ಪಿಸ್ತೀನಾ?" ಕೈ ಚಾಚಿದಳು. ಹಿಡಿದುಕೊಂಡೆ. ಬೆರಳ ತುದಿಯಲ್ಲಿ ಸೂಜಿಯ ಚುಕ್ಕಿಗಳು ಒರಟಾಗಿವೆ. ಅದೊಂದು ಮಾತ್ರ ಇನ್ನೂ ಹಿಂದಿನಂತೆಯೇ ಇದೆ.

ಮಾರ್ಚ್ ೨, ಭಾನುವಾರ

ಬೈಸಿಕೊಂಡೆ. ಅದೂ ಹಾಸಿಗೆ ಹಿಡಿದವಳಿಂದ.

ಗುಂಡುಸೂಜಿ ತಡವಾಗಿ ಬಂದಳು. ಅಷ್ಟರಲ್ಲಿ ಒಬ್ಬ ಅಜ್ಜಿ ಅಂಗಿಗೆ ಗುಂಡಿ ಹಾಕಿಕೊಳ್ಳಲು ಬಂದರು. ಕೈ ನಡುಕ, ಕಣ್ಣು ಮಂದ. ಗುಂಡಿಯೊಂದನ್ನು ಯಾರು ಬೇಕಾದರೂ ಹಾಕುತ್ತಾರೆ ಎಂದು ನಾನೇ ಇಸಿದುಕೊಂಡು ಹಾಕಿಕೊಟ್ಟೆ. ಅಜ್ಜಿ ನನ್ನ ತಲೆ ಸವರಿ ಹೋದರು. ಅದನ್ನೇ ಜಂಭದಿಂದ ಇವಳಿಗೆ ಹೇಳಿದೆ.

"ನೀವು ಹೊಲಿದು ಕೊಟ್ರಾ?" ಮುಖ ಸಪ್ಪಗಾಯಿತು. "ಆ ಅಜ್ಜಿಗೆ ಮನೇಲಿ ಸೊಸೆ ಇದ್ದಾಳೆ, ಮಗ ಇದ್ದಾನೆ, ಗುಂಡಿ ಹಾಕೋರಿಗೇನೂ ಬರವಿಲ್ಲ. ನಮ್ಮಲ್ಲಿಗೆ ಬರೋದು ತನ್ನ ಕೈಲಿ ಇನ್ನೂ ಆಗುತ್ತೆ ಅಂತ ನೋಡ್ಕೊಳ್ಳೋಕೆ. ಅದನ್ನ ಕಿತ್ಕೊಂಡ್ರಲ್ಲ."

ಇಷ್ಟು ವರ್ಷ ಇವಳ ಮೇಜಿನ ಬಗ್ಗೆ ಜಗಳವಾಡಿದ್ದೇನೆಯೇ ಹೊರತು ಯಾಕೆ ಹೀಗೆ ಎಂದು ಕೇಳಿರಲಿಲ್ಲ. ಇನ್ನು ಹೊಲಿದು ಕೊಡುವುದಿಲ್ಲ ಎಂದು ಆಣೆ ಇಟ್ಟ ಮೇಲೆ ಹಾಲು ಕುಡಿದಳು.

ಮಾರ್ಚ್ ೭, ಶುಕ್ರವಾರ

ನೋವು. ಹಗಲಿಡೀ. ನರ್ಸು ಬಂದು ಇಂಜೆಕ್ಷನ್ ಕೊಟ್ಟರು. ಬರೆಯಲು ಮನಸ್ಸಿಲ್ಲ.

ಮಾರ್ಚ್ ೧೨, ಬುಧವಾರ

ಇವತ್ತು ಸ್ವಲ್ಪ ಗೆಲುವು. ದಿಂಬಿಗೆ ಒರಗಿ ಕೂತು ನನಗೆ ಪಾಠ ಮಾಡಿದಳು. ಹಳೆಯ ದಿಂಬಿನ ಚೀಲದ ತುಂಡು, ಕೆಂಪು ದಾರ. ತಪ್ಪು ಕಾಣಲಿ ಎಂದೇ ಕೆಂಪಂತೆ. ಮೊದಲು ಸಾದಾ ನೇರ ಹೊಲಿಗೆ, ಆಮೇಲೆ ಹಿಂದಕ್ಕೆ ಹಾಕುವ ಹೊಲಿಗೆ. ಸೂಜಿ ಒಂದು ಹೆಜ್ಜೆ ಹಿಂದೆ ಇಳಿದು ಎರಡು ಹೆಜ್ಜೆ ಮುಂದೆ ಏಳಬೇಕು. "ಡಿಪೋದಲ್ಲಿ ರಿವರ್ಸ್ ತೆಗೆದು ಮುಂದಕ್ಕೆ ಹೋಗ್ತಿದ್ರಲ್ಲ, ಅಷ್ಟೇ. ಇದು ಮಾತ್ರ ಜಗ್ಗಿದ್ರೂ ಬಿಡಲ್ಲ." ನಾನು ಹಾಕಿದ್ದನ್ನು ಉಗುರಿನಿಂದ ತಡವಿ ನೋಡಿ ಬಿಚ್ಚಿ ಎಂದಳು. ಬಿಚ್ಚಿದೆ. ಮತ್ತೆ ಹಾಕಿದೆ. ಬಿಚ್ಚಿ ಎಂದಳು. ಮೂರನೆಯ ಸಲ ಏನೂ ಹೇಳಲಿಲ್ಲ. ತಲೆಯೆತ್ತಿ ನೋಡಿದರೆ ನಿದ್ದೆ ಹೋಗಿದ್ದಳು, ಉಗುರು ನನ್ನ ಹೊಲಿಗೆಯ ಮೇಲೇ ಇತ್ತು.

ಇಂಥ ಮಧ್ಯಾಹ್ನಗಳು ನಮಗೆ ಎಷ್ಟೋ ಸಿಗಬಹುದಿತ್ತು. ಎದ್ದರೆ ಎಚ್ಚರವಾದಾಳೆಂದು ಕಾಲು ಜೋಮು ಹಿಡಿದರೂ ಹಾಗೇ ಕೂತಿದ್ದೆ.

ಮಾರ್ಚ್ ೨೩, ಭಾನುವಾರ

ಇವತ್ತು ನಮ್ಮ ಮೇಜಿನಲ್ಲಿ ಜಾಗವೇ ಇರಲಿಲ್ಲ. ಶಾಲೆ ಚೀಲ, ಪರದೆ, ಮಳೆ ಕೋಟು, ಒಂದು ಡೇರೆಯ ತುಂಡು ಕೂಡ ಬಂತು. ಗಡ್ಡದವನು ಮತ್ತೆ ಬಂದ, ಈ ಸಲ ಪ್ಯಾಂಟನ್ನು ಚೀಲದಲ್ಲಿ ತಂದಿದ್ದ, ದೇವರ ದಯೆ. ದಾರ ಮೊಳಗಟ್ಟಲೆ ಎಳೆದುಕೊಂಡು ಗಂಟು ಹಾಕಿಕೊಂಡು ಪರದಾಡುತ್ತಿದ್ದ. "ಮೊಣಕೈ ತನಕ ಸಾಕು ದಾರ, ಬಾವಿಗೇನು ಹಗ್ಗ ಬಿಡ್ತಿದ್ದೀರಾ?" ಎಂದು ಗದರಿದೆ. ಅದು ಇವಳ ಮಾತು. ನನ್ನ ಬಾಯಿಗೆ ಯಾವಾಗ ಬಂತೋ ಗೊತ್ತಿಲ್ಲ.

ಮನೆ ಮುಟ್ಟುವಾಗ ಊಟದ ಹೊತ್ತು ಮೀರಿತ್ತು. ನಾದಿನಿ ಮುಖ ಊದಿಸಿಕೊಂಡಿದ್ದಳು. "ಅಕ್ಕನ ಚಾಳಿ ನಿಮಗೂ ಅಂಟಿತಾ ಭಾವ?" ನಾನ್ಯಾಕೆ ಅವಳ ಹಾಗಾಗಲಿ. ಇವಳಿಗೆ ಹೇಳಲು ಏನಾದರೂ ಸಿಗಲಿ ಎಂದು ಹೋಗುತ್ತೇನೆ, ಅಷ್ಟೇ.

ಹೇಳಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದಳು. ನಗಲು ಶಕ್ತಿ ಇರಲಿಲ್ಲ.

ಮಾರ್ಚ್ ೨೯, ಶನಿವಾರ

ನರ್ಸು ನನ್ನನ್ನು ಬಾಗಿಲಾಚೆ ಕರೆದರು. "ಈ ವಾರ ದಾಟೋದು ಕಷ್ಟ. ಹತ್ತಿರದಲ್ಲೇ ಇರಿ." ಇರುತ್ತೇನೆ, ಇನ್ನೆಲ್ಲಿಗೆ ಹೋಗಲಿ. ನಾಳೆ ಮೇಜಿಗೆ ಗುಂಡುಸೂಜಿಯೂ ಬರುವುದಿಲ್ಲ, ಅವಳ ಮಗುವಿಗೆ ಜ್ವರ. ಬೀಗ ಹಾಕಿಯೇ ಇರಲಿ ಎಂದು ತೀರ್ಮಾನಿಸಿದೆ.

ಇವಳಿಗೆ ಅದು ಹೇಗೋ ತಿಳಿಯಿತು. ಮಾತು ತುಟಿಯಿಂದಾಚೆ ಬರುವುದೇ ಕಷ್ಟ, ಆದರೂ ಹಟ. "ಹೋಗಿ ತೆಗೀರಿ."

"ನೀನೇ ಅಲ್ವಾ ಪಕ್ಕದಲ್ಲಿರಿ ಅಂದಿದ್ದು?"

"ಒಂದಿಷ್ಟು ಹೊತ್ತು ಅಷ್ಟೇ. ನೀವು ಬರೋ ತನಕ ನಾನೆಲ್ಲೂ ಹೋಗಲ್ಲ."

ಕೋಪ ಬಂತು. ಇಂಥ ಹೊತ್ತಿನಲ್ಲೂ ಇವಳಿಗೆ ಆ ಮೇಜಿನವರೇ ಹೆಚ್ಚು. ಇವಳು ನನ್ನ ಅಂಗಿಯ ಚುಂಗು ಹಿಡಿದುಕೊಂಡೇ ಮಲಗಿದಳು. ಮಧ್ಯಾಹ್ನದೊಳಗೆ ಬಂದುಬಿಡುತ್ತೇನೆ ಎಂದು ಕೊನೆಗೆ ಒಪ್ಪಿಕೊಂಡೆ. ಬಡಾವಣೆಯೊಳಗೇ ಇದೆ ಭವನ. ಫೋನು ಜೇಬಿನಲ್ಲಿರುತ್ತದೆ. ನಾದಿನಿ ಪಕ್ಕದಲ್ಲೇ ಇರುತ್ತಾಳೆ.

ಮಾರ್ಚ್ ೩೧, ಸೋಮವಾರ

ನಿನ್ನೆ ಹೋದಳು.

ನಾನಿರಲಿಲ್ಲ.

ಏಪ್ರಿಲ್ ೩, ಗುರುವಾರ

ಎಲ್ಲ ಮುಗಿಯಿತು. ಮನೆ ತುಂಬ ಜನ ಬಂದು ಹೋದರು. ಎಲ್ಲರಿಗೂ ಕೈ ಮುಗಿದೆ. ಯಾರ ಮುಖವೂ ನೆನಪಿಲ್ಲ. ಒಂದು ಮುಖ ಮಾತ್ರ ಕಣ್ಣೆದುರಿಂದ ಸರಿಯುತ್ತಿಲ್ಲ, ಆ ಕಾವಲುಗಾರನದು.

ಭಾನುವಾರ ಮೇಜಿಗೆ ಬಂದವರು ಕಡಿಮೆ. ಹೇಳಿದ ಹೊತ್ತಿಗೆ ಎಲ್ಲರೂ ಮುಗಿಸಿ ಎದ್ದರು. ಲೈಟು ಆರಿಸಿ ಬಾಗಿಲು ಎಳೆಯುತ್ತಿದ್ದೆ. ಆಗ ಬಂದ ಅವನು, ಯಾವುದೋ ಗೋದಾಮಿನ ಕಾವಲುಗಾರನಂತೆ, ಕೋಟು ಕೈಯಲ್ಲಿ. ಜೇಬು ತೂತಾಗಿದೆ, ಗೋದಾಮಿನ ಕೀಲಿಗಳು ಅಸ್ತರಿನೊಳಗೆ ಇಳಿದುಹೋಗುತ್ತವೆ, ಬೀಗ ತೆಗೆಯಬೇಕಾದಾಗಲೆಲ್ಲ ಕೋಟನ್ನೇ ತಲೆಕೆಳಗು ಮಾಡಿ ಒದರಬೇಕು, ಸಾಹೇಬರು ಬೈಯುತ್ತಾರೆ. "ಡ್ಯೂಟಿ ಮುಗಿಸಿ ನಡ್ಕೊಂಡೇ ಬಂದೆ ಸಾಮಿ. ಟೀಚರಮ್ಮ ಇಲ್ವಾ?"

ಅಸ್ತರಿನ ಜೇಬು. ಅಂಗೈಯಗಲ ಹರಿದಿತ್ತು, ಅಷ್ಟೇ. ನಾನೇ ಹಾಕಿದ್ದರೆ ಹತ್ತು ನಿಮಿಷವೂ ಬೇಕಿರಲಿಲ್ಲ. ಈಗ ನನಗೆ ಬರುತ್ತದೆ. ಹಿಂದಕ್ಕೆ ಹಾಕುವ ಹೊಲಿಗೆ ಚೆನ್ನಾಗಿಯೇ ಬರುತ್ತದೆ. ಹಾಕಿಕೊಟ್ಟು ಓಡಬಹುದಿತ್ತು. ಮುಂದಿನ ವಾರ ಬಾ ಎನ್ನಬಹುದಿತ್ತು. ಅದು ಬಿಟ್ಟು ಲೈಟು ಹಾಕಿ ಅವನನ್ನು ಬೆಂಚಿನ ಮೇಲೆ ಕೂರಿಸಿದೆ. ಸೂಜಿ ಕೊಟ್ಟೆ.

ಕೈ ದಪ್ಪ, ಉಗುರಿನ ಸುತ್ತ ಸೀಳು. ದಾರ ಪೋಣಿಸಲೇ ಒಂದು ಯುಗವಾಯಿತು. ಹೊಲಿದ. ನೋಡಿದರೆ ಜೇಬಿನ ಬಾಯನ್ನೇ ಸೇರಿಸಿ ಮುಚ್ಚಿಬಿಟ್ಟಿದ್ದ. ಬಿಚ್ಚಿ ಎಂದೆ. ಹೌದು, ನಾನೇ ಎಂದೆ! ಇನ್ನೊಮ್ಮೆ ಶುರು ಮಾಡಿದ. ಫೋನು ತೆಗೆದು ನೋಡಿದೆ, ಯಾರೂ ಕರೆದಿರಲಿಲ್ಲ. ಕರೆದಿಲ್ಲವೆಂದರೆ ಎಲ್ಲ ಸರಿಯಿದೆ ಎಂದುಕೊಂಡೆ. ಅವನು ಕೊನೆಗೆ ಗಂಟು ಹಾಕಿ, ಕೀಲಿಗೊಂಚಲನ್ನು ಜೇಬಿಗೆ ಬಿಟ್ಟು, ಎರಡು ಸಲ ಕುಪ್ಪಳಿಸಿದ. ಬೀಳಲಿಲ್ಲ. ಬಾಯಿ ತುಂಬ ನಕ್ಕ. ಆ ನಗುವನ್ನು ಮನೆಗೆ ಹೋಗಿ ಇವಳಿಗೆ ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ.

ನಾದಿನಿ ಗೇಟಿನ ಹತ್ತಿರ ನಿಂತಿದ್ದಳು. ಸೆರಗು ಬಾಯಿಗೆ ತುರುಕಿಕೊಂಡಿದ್ದಳು.

ಕೈ ಇನ್ನೂ ಬಿಸಿಯಿತ್ತು. ಹಿಡಿದುಕೊಂಡೆ. ಆಮೇಲೆ ಹಿಡಿದು ಏನು ಬಂತು.

ಏಪ್ರಿಲ್ ೬, ಭಾನುವಾರ

ಹೋಗಲಿಲ್ಲ. ಬೀಗದ ಕೈಯನ್ನು ಗುಂಡುಸೂಜಿಗೆ ಕೊಟ್ಟು, "ಇನ್ನು ನನ್ನನ್ನ ಕರೀಬೇಡ" ಎಂದೆ. ಅವಳು ತೆಗೆದುಕೊಂಡು ಹೋದಳು. ಬಾಯಲ್ಲಿ ಒಂದೂ ಸೂಜಿ ಇರಲಿಲ್ಲ.

ಇದೇ ಭಾನುವಾರ ಬೇಕು ಬೇಕು ಎಂದು ನಾನು ಇವಳ ಹತ್ತಿರ ಜಗಳವಾಡುತ್ತಿದ್ದದ್ದು. ಬೇಕಾದಷ್ಟು ಸಿಕ್ಕಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಗೋಡೆ ನೋಡಿದೆ.

ಏಪ್ರಿಲ್ ೧೧, ಶುಕ್ರವಾರ

ಇವಳ ಬಟ್ಟೆ ಮಡಿಸುತ್ತ ಕೂತಿದ್ದ ನಾದಿನಿಯನ್ನು ನಾನು ಕೇಳಬಾರದಿತ್ತು. ಆದರೆ ಎಷ್ಟು ದಿನ ನುಂಗಿಕೊಂಡಿರಲಿ? ನಿದ್ದೆಯಲ್ಲೇ ಹೋದಳು, ನೋಡಿದಾಗ ಉಸಿರಿರಲಿಲ್ಲ, ಅದಕ್ಕೇ ಫೋನು ಮಾಡಲಿಲ್ಲ ಎಂದು ಅವತ್ತೇ ಹೇಳಿದ್ದಳು. ಆದರೆ ಅಂದಿನಿಂದ ನನ್ನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿಲ್ಲ.

"ನಿಜ ಹೇಳು. ನಿದ್ದೆಯಲ್ಲೇ ಹೋದ್ಲಾ?"

ಮಡಿಸುತ್ತಿದ್ದ ಬಟ್ಟೆ ಬಿಚ್ಚಿ ಮತ್ತೆ ಮಡಿಸಿದಳು. ಮತ್ತೆ ಬಿಚ್ಚಿದಳು. ಆಮೇಲೆ ಅದರಲ್ಲೇ ಮುಖ ಹುದುಗಿಸಿ ಅತ್ತಳು.

"ಇಲ್ಲ ಭಾವ. ಎಚ್ಚರ ಇತ್ತು. ಉಸಿರು ಒಂಥರಾ ಆಯ್ತು. 'ಬಂದ್ರಾ?' ಅಂತ ಕೇಳಿದ್ಲು. ಇಲ್ಲ ಅಕ್ಕ, ಈಗಲೇ ಫೋನ್ ಮಾಡ್ತೀನಿ ಅಂದೆ. ಫೋನ್ ಕೈಗೆತ್ಕೊಂಡೆ. ನನ್ನ ಕೈ ಹಿಡ್ಕೊಂಡು ಬೇಡ ಅಂದ್ಲು. 'ಅಲ್ಲಿ ಯಾರೋ ಹೊಲೀತಾ ಕೂತಿರ್ತಾರೆ. ಮಧ್ಯೆ ಎಬ್ಬಿಸಬೇಡ' ಅಂದ್ಲು."

ನಾನು ಏನು ಕೇಳಿದೆನೋ ನನಗೇ ನೆನಪಿಲ್ಲ. ಕೂಗಿರಬೇಕು. ಯಾಕೆಂದರೆ ಅವಳು ಬೆಚ್ಚಿ ಹಿಂದೆ ಸರಿದಳು. "ಅಕ್ಕ ಹೇಳಿದ ಮಾತನ್ನ ನಾನ್ಯಾವತ್ತು ಮೀರಿದ್ದೀನಿ ಭಾವ? ಹಿಡಿದ ಕೈ ಬಿಡಲೇ ಇಲ್ಲ ಅವಳು. ಆಮೇಲೆ ಇನ್ನೊಂದು ಸಲ 'ಬಂದ್ರಾ?' ಅಂದ್ಲು. ಅಷ್ಟೇ."

ಎರಡು ಸಲ ಕೇಳಿದಳಂತೆ. ಹೆದರಿಕೆ ಎಂದಿದ್ದವಳು. ನನ್ನ ಕೈಯೇ ಬೇಕು ಎಂದಿದ್ದವಳು. ಒಂದು ಫೋನು ಮಾಡಿದ್ದರೆ ಕೋಟು, ಕಾವಲುಗಾರ, ಎಲ್ಲವನ್ನೂ ಬಿಟ್ಟು ಓಡಿ ಬರುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಬೇಡ ಎಂದಳು.

ಜನ್ಮವಿಡೀ ತನ್ನನ್ನು ಊರಿಗೆ ಹಂಚಿದಳು. ಕೊನೆಯ ಗಳಿಗೆಯಲ್ಲಿ ತನ್ನ ಪಾಲಿನ ನನ್ನನ್ನೂ ಅವರಿಗೇ ಕೊಟ್ಟು ಹೋದಳು. ಯಾರನ್ನು ಕೇಳಿ ಕೊಟ್ಟಳು? ನನಗೆ ತುಂಬ ಕೋಪವಿದೆ. ಬೈಯಲು ಅವಳಿಲ್ಲ. ಇದ್ದಿದ್ದರೆ ಇವತ್ತು ಗೋಡೆ ಕಡೆ ತಿರುಗಿ ಮಲಗುವ ಸರದಿ ನನ್ನದು.

ಏಪ್ರಿಲ್ ೧೩, ಭಾನುವಾರ

ಹೋದೆ. ಯಾಕೆ ಹೋದೆ ಎಂದು ಬರೆಯಲು ಬಹಳ ಹೊತ್ತು ಕೂತೆ, ಗೊತ್ತಾಗಲಿಲ್ಲ. ಸ್ನಾನ ಮಾಡಿದೆ, ಅಂಗಿ ಹಾಕಿಕೊಂಡೆ, ಕಾಲು ಆ ಕಡೆಗೇ ಹೋಯಿತು.

ಗುಂಡುಸೂಜಿ ಬೆಂಚಿನಲ್ಲಿ ಸರಿದು ಜಾಗ ಕೊಟ್ಟಳು. ಪಕ್ಕದಲ್ಲಿ ಒಬ್ಬ ಹೆಂಗಸು, ಗಂಡನ ಸ್ವೆಟರಿನ ಮೊಣಕೈಗೆ ತೇಪೆ ಹಾಕುತ್ತಿದ್ದಳು. ಹೊಲಿಗೆ ಸೊಟ್ಟಗಿತ್ತು. ಬಿಚ್ಚಿ ಎನ್ನಲು ಬಾಯಿ ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವಳೇ, "ಮೇಷ್ಟ್ರೇ, ಇದು ನಿಲ್ಲಲ್ಲ ಅಲ್ವಾ?" ಎಂದು ಬಿಚ್ಚಲು ಶುರು ಮಾಡಿದಳು. ಯಾರನ್ನು ಕರೆದಳು ಎಂದು ಒಂದು ಕ್ಷಣ ಹಿಂದೆ ತಿರುಗಿ ನೋಡಿದೆ.

ಬೇಗ ಎದ್ದೆ. ಇನ್ನೂ ಜನ ಕೂತಿದ್ದರು, ಗುಂಡುಸೂಜಿ ನೋಡಿಕೊಳ್ಳುತ್ತಾಳೆ. ದಾರಿಯಲ್ಲಿ ಯಾರ ಜೊತೆಗೂ ಮಾತಿಗೆ ನಿಲ್ಲಲಿಲ್ಲ. ಬಿರಬಿರನೆ ನಡೆದೆ. ಗೇಟು ತೆಗೆದೆ, ಚಪ್ಪಲಿ ಬಿಟ್ಟೆ, ನರ್ಸು ಹೇಳಿಕೊಟ್ಟಂತೆ ಸೋಪು ಹಾಕಿ ಕೈ ತೊಳೆದುಕೊಂಡೆ. ಕೋಣೆಗೆ ಹೋದೆ. ಹಾಸಿಗೆ ಸುತ್ತಿಟ್ಟಿದ್ದರು. ಬರೀ ಮಂಚ. ಕುರ್ಚಿಯನ್ನು ಅದರ ಪಕ್ಕಕ್ಕೆ ಎಳೆದುಕೊಂಡು ಕೂತೆ.

"ಬಂದೆ ಕಣೇ" ಎಂದೆ.

ಅಡುಗೆಮನೆಯಲ್ಲಿ ನಾದಿನಿ ನಲ್ಲಿ ನಿಲ್ಲಿಸಿದಳು.